ಮನೆಯ ದೇವರು, ಮನದ ದೇವರು

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಯಾವುದಾದರೊಂದು ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು ತೆರೆದರೆ ಆ ಸೀಮೆಯ ದೇವರುಗಳ ನಕಾಶೆಯೇ ಕಣ್ಣಿಗೆ ಬೀಳುತ್ತದೆ. ಮಾಯಪ್ಪ, ಮಾಯವ್ವ ಎಂದಿದ್ದರೆ ಚಿಂಚಲಿಯ ಮಾಯಕ್ಕ. ಈರಭದ್ರನೆಂದಿದ್ದರೆ ಕೃಷ್ಣೆಯ ದಂಡೆಯ ಯಡೂರು. ಯಲ್ಲಪ್ಪನಿದ್ದರೆ ಸವದತ್ತಿ, ಇಲ್ಲವೆ ಅಥಣಿ ತಾಲೂಕಿನದೇ ಆದ ಕೊಕಟನೂರು. ಜೋತಿಬಾ ಎಂದಿದ್ದರೆ ಕೊಲ್ಹಾಪುರದ ಆಚೆಯ ವಾಡಿ ರತ್ನಾಗಿರಿಯ ಬೆಟ್ಟ. ಕಾಗವಾಡ, ಶೇಡಬಾಳಗಳ ಕಡೆ ಪಾರೀಸನೆಂಬ ಹುಡುಗನೂ ಸಿಕ್ಕಾನು. ದೂರದ ಊರಿನವರು ಫ್ರಾನ್ಸ್ ದೇಶದ ರಾಜಧಾನಿಯನ್ನು ನೆನೆದು ಬೆರಗಾದರೂ ಆಗಬಹುದು. ಅವನು ಪಾರ್ಶ್ವನಾಥ ತೀರ್ಥಂಕರನ ಹೆಸರನ್ನು ಹೊತ್ತ ಅಚ್ಚ ಜೈನರ ಮನೆಯ ಮಗು. ಹೆಸರಿಡುವಾಗ ಇವರನ್ನಾರನ್ನೂ ಯಾರೂ ಕೇಳಿರಲಿಲ್ಲ. ಮನೆದೇವರು ಬರುವುದೂ ಹಾಗೆಯೇ. ಹೊಲದಂತೆ, ಅಡ್ಡಹೆಸರಿನಂತೆ, ಹುಟ್ಟಿದವನ ಪಾಲಿಗೆ ಅದು ತಾನಾಗಿ ಬಂದುಬಿಡುತ್ತದೆ. ಮಗುವಿನ ಜವಳ ತೆಗೆಸುವುದು ಅಲ್ಲಿ, ಮದುವೆಯಾದ ಜೋಡಿ ಮೊದಲು ಹೋಗಿ ಕಾಯಿ ಒಡೆಸುವುದು ಅಲ್ಲಿ, ಹರಕೆ ತಪ್ಪಿದರೆ ಅಂಜಬೇಕಾದುದೂ ಆ ದೇವರಿಗೇ.

ಇಷ್ಟದೇವತೆಯ ಮಾತು ಬೇರೆ. ಅದರ ಹೆಸರಿನಲ್ಲಿಯೇ ‘ಇಷ್ಟ’ ಎಂಬುದಿದೆ. ಅಂದಮೇಲೆ ಅಲ್ಲಿ ಮನುಷ್ಯನ ಮನಸ್ಸಿಗೆ ಒಂದು ಮತವಿದೆ. ಮನೆದೇವರು ಕುಲದ ದೇವರಾದರೆ, ಇಷ್ಟದೇವರು ಒಬ್ಬೊಬ್ಬರ ದೇವರು. ಒಂದೇ ಜಗಲಿಯ ಮುಂದೆ ಕೈಮುಗಿದು ನಿಂತ ಅಣ್ಣತಮ್ಮಂದಿರಲ್ಲಿ ಒಬ್ಬನ ಬಾಯಲ್ಲಿ ವಿಠ್ಠಲನೂ ಇನ್ನೊಬ್ಬನ ಬಾಯಲ್ಲಿ ಅಂಬಾಬಾಯಿಯೂ ಬರುವುದುಂಟು. ಇದರಿಂದ ಮನೆ ಒಡೆದದ್ದನ್ನು ಯಾರೂ ಕೇಳಿಲ್ಲ. ಮನೆ ಒಡೆಯುವುದಕ್ಕೆ ಬೇರೆ ಕಾರಣಗಳೇ ಸಾಕಷ್ಟಿವೆ.

ಆದರೆ ಪಟ್ಟಣಗಳಲ್ಲಿ ನೆಲಸಿದ ಇಂದಿನ ತರುಣ ತರುಣಿಯರಲ್ಲಿ ಇದೊಂದು ಚಿಂತೆಯಾಗಿ ಬೆಳೆದಂತೆ ತೋರುತ್ತದೆ. ನನ್ನ ಇಷ್ಟದೇವತೆ ಯಾರು? ತಪ್ಪಿ ಬೇರೊಂದು ದೇವರನ್ನು ಹಿಡಿದರೆ ಉಳಿದವರು ಮುನಿಯುವರೇ? ಇಂಥ ಪ್ರಶ್ನೆಗೆ ಜ್ಯೋತಿಷ್ಯದವರಲ್ಲಿ ಸಿದ್ಧವಾದ ಲೆಕ್ಕವೊಂದುಂಟು. ಜಾತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಶ ಕ್ರಮಿಸಿದ ಗ್ರಹವನ್ನು ಆತ್ಮಕಾರಕವೆನ್ನುವರು. ನವಾಂಶ ಕುಂಡಲಿಯಲ್ಲಿ ಅದು ಕುಳಿತ ರಾಶಿಯಿಂದ ಹನ್ನೆರಡನೆಯ ಮನೆಯನ್ನು ನೋಡಿ ದೇವತೆಯ ಹೆಸರು ಹೇಳುವರು. ಲೆಕ್ಕ ಚೊಕ್ಕಟವಾಗಿಯೇ ಇದೆ. ಆದರೆ ಹೀಗೆ ಬಂದ ಉತ್ತರವೂ ಮನೆದೇವರಂತೆಯೇ ಕೇಳದೆ ಬಂದದ್ದಾಯಿತಲ್ಲ! ಇಷ್ಟವೆಂಬುದನ್ನು ಕೂಡಿ ಕಳೆದು ತೆಗೆಯಬಹುದಾದರೆ ಅದಕ್ಕೆ ಆ ಹೆಸರೇಕೆ?

ಉಳಿದ ದೇವರು ಮುನಿಯುವರೆಂಬ ಅಂಜಿಕೆಗೆ ಸಂಪ್ರದಾಯವೇ ಹಿಂದೆಯೇ ಸಮಾಧಾನ ಹೇಳಿಟ್ಟಿದೆ. ಸ್ಮಾರ್ತರ ಮನೆಗಳಲ್ಲಿ ನಡೆಯುವ ಪಂಚಾಯತನ ಪೂಜೆಯ ತಟ್ಟೆಯನ್ನು ನೋಡಿದವರಿಗೆ ಇದು ತಿಳಿದೀತು. ನರ್ಮದೆಯ ಬಾಣಲಿಂಗ ಶಿವನಿಗೆ, ಗಂಡಕಿಯ ಸಾಲಿಗ್ರಾಮ ವಿಷ್ಣುವಿಗೆ, ಸ್ವರ್ಣಮುಖಿಯ ಕಲ್ಲು ದೇವಿಗೆ, ಸ್ಫಟಿಕ ಸೂರ್ಯನಿಗೆ, ಶೋಣನದಿಯ ಕೆಂಗಲ್ಲು ಗಣಪತಿಗೆ. ಐದೂ ಒಂದೇ ತಟ್ಟೆಯಲ್ಲಿ. ಮನೆಯವರಿಗೆ ಯಾವುದು ಇಷ್ಟವೋ ಅದು ನಡುವೆ, ಉಳಿದ ನಾಲ್ಕು ಮೂಲೆಗಳಲ್ಲಿ. ಈ ಪದ್ಧತಿಯನ್ನು ನೆಲೆಗೊಳಿಸಿದವರು ಆದಿಶಂಕರರೆಂದು ಪರಂಪರೆ ನಂಬುತ್ತದೆ. ಇಲ್ಲಿಯ ಜಾಣ್ಮೆಯನ್ನು ಗಮನಿಸಬೇಕು. ಆರಿಸುವುದೆಂದರೆ ಐದರಲ್ಲಿ ನಾಲ್ಕನ್ನು ಹೊಳೆಗೆ ಬಿಡುವುದಲ್ಲ. ಕಲ್ಲುಗಳು ಬದಲಾಗುವುದಿಲ್ಲ, ನಡುವಿನ ಜಾಗ ಮಾತ್ರ ಬದಲಾಗುತ್ತದೆ. ಭಕ್ತನು ಯಾವ ರೂಪವನ್ನು ಶ್ರದ್ಧೆಯಿಂದ ಪೂಜಿಸಬಯಸುವನೋ ಆ ರೂಪದಲ್ಲಿಯೇ ಅವನ ಶ್ರದ್ಧೆಯನ್ನು ಸ್ಥಿರಗೊಳಿಸುವೆನೆಂದು ಗೀತೆಯ ಏಳನೆಯ ಅಧ್ಯಾಯದಲ್ಲಿ ಕೃಷ್ಣನು ಹೇಳುವುದರ ಸಾರವೂ ಇದಕ್ಕೆ ದೂರವಿಲ್ಲ.

ಎಲ್ಲರೂ ಇಷ್ಟು ಸಡಿಲು ಬಿಡುವುದಿಲ್ಲವೆಂಬುದೂ ನಿಜ. ಮಾಧ್ವರಲ್ಲಿ ಹರಿಯೇ ಸರ್ವೋತ್ತಮ. ನರಸಿಂಹನೋ ರಾಮನೋ ವಿಠ್ಠಲನೋ ಎಂಬಲ್ಲಿ ಒಲವಿಗೆ ಎಡೆಯುಂಟೇ ಹೊರತು ಅದರಾಚೆಗಿಲ್ಲ. ಅಲ್ಲಿಯೂ ಪ್ರತಿಯೊಂದು ಜೀವಕ್ಕೆ ತನ್ನದೇ ಆದ ಬಿಂಬರೂಪವೊಂದಿದೆ ಎನ್ನುತ್ತಾರೆ. ಅದು ಆರಿಸಿಕೊಳ್ಳುವಂಥದಲ್ಲ, ಸಾಧನೆಯಿಂದ ಕಂಡುಕೊಳ್ಳುವಂಥದು.

ಕನ್ನಡಿಗರಿಗೆ ಈ ವಿಷಯದಲ್ಲಿ ಬೇರೆಡೆಯ ಗ್ರಂಥಗಳನ್ನು ಹುಡುಕುವ ಅಗತ್ಯವೇ ಇಲ್ಲ. ನಮ್ಮ ಸಾಹಿತ್ಯದಲ್ಲಿಯೇ ಇಷ್ಟದೇವತೆಗೊಂದು ರುಜು ಇದೆ. ಅದರ ಹೆಸರು ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನಿಗೆ ರಾಮನಾಥ. ಶಿವನೊಬ್ಬನೇ, ಕರೆಯುವ ಹೆಸರು ಅವರವರದು. ಪುರಂದರದಾಸರ ಪುರಂದರವಿಠಲ, ವಿಜಯದಾಸರ ವಿಜಯವಿಠಲ, ಕನಕದಾಸರ ಕಾಗಿನೆಲೆಯ ಆದಿಕೇಶವ. ಇಲ್ಲಿಯೂ ಹಾಗೆಯೇ. ಹೆಸರನ್ನು ಮರೆಮಾಡಿ ಹಾಡನ್ನೋದಿದರೂ ಅಂಕಿತ ಬಂದಕೂಡಲೆ ಆಳು ಸಿಕ್ಕಿಬೀಳುತ್ತಾನೆ. ಒಲಿದ ದೇವರ ಹೆಸರೇ ಒಲಿದವರ ಗುರುತಾಗುವುದೆಂದರೆ ಹೀಗೆ.

ಈ ಮಾತು ಗಂಡಸರಿಗೆ ಸುಲಭ. ಹುಟ್ಟಿದ ಮನೆಯಲ್ಲಿಯೇ ಬೆಳೆದು ಬಾಳುವವನಿಗೆ ಮನೆಯ ದೇವರು, ಮನದ ದೇವರು ಎರಡೂ ಒಂದೇ ಸೂರಿನಡಿ ಇರುತ್ತವೆ. ಕಷ್ಟವಿರುವುದು ಹೆಣ್ಣುಮಕ್ಕಳಿಗೆ. ನಿಪ್ಪಾಣಿಯ ಮನೆಯೊಂದರಲ್ಲಿ ಜೋತಿಬಾನ ಗುಲಾಲು ಹಚ್ಚಿಕೊಂಡು, ಚೈತ್ರದ ಹುಣ್ಣಿಮೆಗೆ ಸಾಸನಕಾಠಿಯ ಎತ್ತರದ ಕೋಲುಗಳನ್ನು ನೋಡುತ್ತ ಬೆಳೆದ ಹುಡುಗಿ, ರಾಯಬಾಗದ ಕಡೆಯ ಮಾಯಕ್ಕನ ಒಕ್ಕಲಿನ ಮನೆಗೆ ಸೊಸೆಯಾಗಿ ಬಂದಳೆನ್ನೋಣ. ಅಕ್ಷತೆ ಬಿದ್ದ ದಿನದಿಂದ ಅವಳ ಮನೆದೇವರು ಬದಲಾಯಿತು. ಅಡ್ಡಹೆಸರು ಬದಲಾದಂತೆಯೇ ಇದೂ. ಯಾರೂ ಅವಳ ಒಪ್ಪಿಗೆ ಕೇಳುವುದಿಲ್ಲ, ಅವಳೂ ಅದನ್ನು ನಿರೀಕ್ಷಿಸುವುದಿಲ್ಲ. ಮಾಘದಲ್ಲಿ ಬರುವ ಭಾರತ ಹುಣ್ಣಿಮೆಗೆ ಸಾಂಗಲಿ, ಕೊಲ್ಹಾಪುರಗಳ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಚಿಂಚಲಿಗೆ ಬರುವಾಗ ಅವಳೂ ಅತ್ತೆಯೊಡನೆ ಹೋಗಿ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ. ವರ್ಷಗಳು ಕಳೆದಂತೆ ಮಾಯಕ್ಕ ಅವಳಿಗೂ ತಾಯಿಯೇ ಆಗುತ್ತಾಳೆ.

ಆದರೆ ಅವಳ ಮನಸ್ಸಿನಲ್ಲಿ ಚಿಕ್ಕಂದಿನಿಂದ ನೆಲೆನಿಂತವನು ನರಸೋಬನ ವಾಡಿಯ ದತ್ತನಾಗಿದ್ದರೆ? ಕೃಷ್ಣೆ, ಪಂಚಗಂಗೆಯರ ಕೂಡಲಿನಲ್ಲಿರುವ ಆ ಕ್ಷೇತ್ರ ಕಾಗವಾಡಕ್ಕೇನೂ ದೂರವಲ್ಲ. ಹದಿನೈದನೆಯ ಶತಮಾನದ ನರಸಿಂಹ ಸರಸ್ವತಿಗಳು ಅಲ್ಲಿ ಹನ್ನೆರಡು ವರ್ಷವಿದ್ದು, ಪಾದುಕೆಗಳನ್ನು ಬಿಟ್ಟು, ಮುಂದೆ ಕನ್ನಡನಾಡಿನ ಗಾಣಗಾಪುರಕ್ಕೆ ಬಂದರೆಂದು ಭಕ್ತರು ನಂಬುತ್ತಾರೆ. ಅವರ ಮಹಿಮೆಯನ್ನು ಹೇಳುವ ಗುರುಚರಿತ್ರೆ ಮರಾಠಿಯಲ್ಲಿದೆ. ಅದನ್ನು ಬರೆದ ಸರಸ್ವತಿ ಗಂಗಾಧರನ ಮನೆಮಾತು ಮಾತ್ರ ಕನ್ನಡವಾಗಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಭೂಪಟದ ಮೇಲೆ ಗೆರೆ ಬಿತ್ತು. ಜಾತ್ರೆಯ ಚಕ್ಕಡಿಗಳು ಆ ಗೆರೆಯನ್ನು ಲೆಕ್ಕಿಸಲಿಲ್ಲ, ಗುರುವಾರದ ಭಕ್ತರೂ ಲೆಕ್ಕಿಸಲಿಲ್ಲ. ಮಳೆಗಾಲದಲ್ಲಿ ವಾಡಿಯ ಗುಡಿಯೊಳಕ್ಕೆ ಹೊಳೆ ನುಗ್ಗಿ ಪಾದುಕೆಗಳ ಮೇಲಿಂದ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬಿದ್ದಾಗ ಅಲ್ಲಿ ಮೀಯುವುದು ಮಹಾಪುಣ್ಯವೆನ್ನುತ್ತಾರೆ. ಅದೇ ನೀರು ಮುಂದೆ ಹರಿದು ಕಾಗವಾಡ, ಅಥಣಿ, ರಾಯಬಾಗಗಳ ಹೊಲಮನೆಗಳಿಗೆ ನುಗ್ಗುವುದೂ ಉಂಟು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ ಹಾಗಾಯಿತು. ಇಷ್ಟದೇವರ ಊರಿನ ನೀರೆಂದು ಹೊಳೆ ಯಾರಿಗೂ ರಿಯಾಯಿತಿ ತೋರಿಸಲಿಲ್ಲ.

ದತ್ತನನ್ನು ನೆಚ್ಚಿದ ಸೊಸೆಗೆ ಎರಡು ಅಡ್ಡಿಗಳು. ಮೊದಲನೆಯದು ಸಂಪ್ರದಾಯದೊಳಗಿನದೇ: ಹೆಂಗಸರು ಗುರುಚರಿತ್ರೆಯ ಪಾರಾಯಣ ಮಾಡಬಾರದೆನ್ನುವವರು ಇಂದಿಗೂ ಇದ್ದಾರೆ. ಒಲಿಯುವುದಕ್ಕಿಲ್ಲದ ನಿರ್ಬಂಧ ಓದುವುದಕ್ಕೇಕೆಂದು ಅವಳು ಕೇಳಿದರೆ ಅದು ಕೇಳತಕ್ಕ ಪ್ರಶ್ನೆಯೇ. ಎರಡನೆಯದು ಮನೆಯೊಳಗಿನದು, ಬಾಯಿಬಿಟ್ಟು ಯಾರೂ ಆಡದಂಥದು. ಬಂದ ಮನೆಯ ಜಗಲಿಯ ಮೇಲೆ ತನ್ನದೊಂದು ಪಟವನ್ನಿಡಲು ಅವಳು ಹಿಂಜರಿಯುತ್ತಾಳೆ. ಹೀಗಾಗಿ ಆ ಪಟ ಬಹಳ ದಿನ ಟ್ರಂಕಿನಲ್ಲಿಯೇ, ಮಡಿಚಿದ ಸೀರೆಗಳ ನಡುವೆ ಇರುತ್ತದೆ. ಅತ್ತೆಗೆ ಅದು ಗೊತ್ತಾಗದಿರುವುದಿಲ್ಲ. ಅತ್ತೆಯ ಟ್ರಂಕಿನಲ್ಲಿಯೂ ಒಂದು ಕಾಲಕ್ಕೆ ಇನ್ನೊಂದು ದೇವರ ಪಟವಿದ್ದಿರಲಾರದೇ?

ಇದಕ್ಕೆ ಬೇರೊಂದು ದಾರಿಯೂ ಇದೆ, ಅದನ್ನು ಇದೇ ಸೀಮೆಯ ಅಥಣಿ ಬಲ್ಲದು. ಅಲ್ಲಿಯ ಗಚ್ಚಿನಮಠದಲ್ಲಿ ಬಾಳಿದ ಮುರುಘೇಂದ್ರ ಶಿವಯೋಗಿಗಳನ್ನು (1836–1921) ಇಂದಿಗೂ ಜನ ನೆನೆಯುವುದು ಅವರ ಲಿಂಗಪೂಜಾನಿಷ್ಠೆಗಾಗಿ. ಲಿಂಗಾಯತರಲ್ಲಿ ಗುರು ದೀಕ್ಷೆಯಲ್ಲಿ ಕೊಟ್ಟ ಲಿಂಗಕ್ಕೆ ಇಷ್ಟಲಿಂಗವೆಂದೇ ಹೆಸರು. ಅದು ಹತ್ತರಲ್ಲೊಂದನ್ನು ಆರಿಸಿಕೊಂಡದ್ದಲ್ಲ, ಆದರೂ ಇಷ್ಟ. ಎಡಗೈಯ ಅಂಗೈಯಲ್ಲಿಟ್ಟು, ಕಣ್ಣೆವೆಯಿಕ್ಕದೆ ದಿನದಿನವೂ ನೋಡಿ ನೋಡಿ ಅದು ಇಷ್ಟವಾಗುತ್ತದೆ. ಗಂಡಿಗೊಂದು ವಿಧಿ, ಹೆಣ್ಣಿಗೊಂದು ವಿಧಿ ಎಂಬುದನ್ನು ಶರಣರ ತತ್ತ್ವ ಒಪ್ಪಲಿಲ್ಲ. ಹೀಗಾಗಿ ಮದುವೆಯಾಗಿ ಹೊರಟ ಮಗಳು ಯಡೂರಿನ ವೀರಭದ್ರನ ಮನೆಗೆ ಹೋಗಲಿ, ಇನ್ನಾವ ಮನೆಗೇ ಹೋಗಲಿ, ಅವಳ ಲಿಂಗ ಅವಳ ಕೊರಳಲ್ಲಿಯೇ ಇರತಕ್ಕದ್ದು. ಕೊನೆಗೆ ಮಣ್ಣಿಗೂ ಅವಳೊಡನೆಯೇ ಹೋಗತಕ್ಕದ್ದು. ಜಗಲಿಯ ಅಪ್ಪಣೆ ಅದಕ್ಕೆ ಬೇಕಿಲ್ಲ.

ದಿನದಿನದ ರೂಢಿಯಿಂದ ಇಷ್ಟವು ಗಟ್ಟಿಯಾಗುವುದೆಂಬ ಈ ಮಾತನ್ನು ಪತಂಜಲಿಯೂ ತನ್ನ ಯೋಗಸೂತ್ರದ ಎರಡನೆಯ ಪಾದದಲ್ಲಿ ಬೇರೆ ಬಗೆಯಾಗಿ ಹೇಳಿದ್ದಾನೆ. ಸ್ವಾಧ್ಯಾಯದಿಂದ, ಎಂದರೆ ಮಂತ್ರಜಪ ಮತ್ತು ಶಾಸ್ತ್ರಪಠನದಿಂದ, ಇಷ್ಟದೇವತೆಯ ಸಂಪರ್ಕವುಂಟಾಗುವುದೆಂಬುದು ಅಲ್ಲಿಯ ಭಾವ. ಮೊದಲು ಆರಿಸಿ ಆಮೇಲೆ ನೆನೆಯುವ ಕ್ರಮ ಅಲ್ಲಿಲ್ಲ. ಯಾವ ಹೆಸರು ಎಚ್ಚರಾದ ಕೂಡಲೆ ಬಾಯಿಗೆ ಬರುತ್ತದೆ, ಮಗುವಿನ ಜ್ವರ ಏರಿದ ರಾತ್ರಿ ಯಾರನ್ನು ಕೂಗುವಂತಾಗುತ್ತದೆ, ಏನನ್ನೂ ಬೇಡಬೇಕಾಗಿಲ್ಲದ ದಿನವೂ ಯಾರ ಮುಂದೆ ಸುಮ್ಮನೆ ಕೂರಬೇಕೆನಿಸುತ್ತದೆ ಎಂಬುದನ್ನು ಗಮನಿಸಿದವರಿಗೆ ಜಾತಕದ ಹನ್ನೆರಡನೆಯ ಮನೆಯ ಹಂಗು ಅಷ್ಟಾಗಿ ಬೀಳಲಾರದು.

ಬಂದ ಮನೆಯ ಕಡೆಯ ದೇವರೇ ಸೊಸೆಯ ಮನದ ದೇವರಾದದ್ದೂ ಕನ್ನಡದಲ್ಲಿ ದಾಖಲಾಗಿದೆ. ಹದಿನೆಂಟನೆಯ ಶತಮಾನದಲ್ಲಿ ರಾಣಿಬೆನ್ನೂರಿನಲ್ಲಿ ಹುಟ್ಟಿ ಮಲೆಬೆನ್ನೂರಿಗೆ ಸೊಸೆಯಾಗಿ ಬಂದ ಗಿರಿಯಮ್ಮನ ಹಾಡುಗಳ ಅಂಕಿತ ಹೆಳವನಕಟ್ಟೆಯ ರಂಗ. ಆ ರಂಗನ ಗುಡಿ ಇರುವುದು ಮಲೆಬೆನ್ನೂರಿನ ಹತ್ತಿರ. ತವರಿನಲ್ಲಿ ಬಿಟ್ಟು ಬಂದ ದೇವರಾರೋ ತಿಳಿಯದು. ಸಿಕ್ಕ ದೇವರ ಹೆಸರಿನಿಂದಲೇ ನಾಡು ಅವಳನ್ನು ಗುರುತಿಸುತ್ತದೆ, ಗಂಡನ ಹೆಸರಿನಿಂದಲ್ಲ.

ರಾಯಬಾಗದ ಆ ಸೊಸೆಯ ಮನೆಯಲ್ಲಿ ಏನಾಗಬೇಕೆಂಬುದನ್ನು ಆ ಮನೆಯವರೇ ಬಲ್ಲರು. ಆ ಕಡೆಯ ಹಲವು ಮನೆಗಳಲ್ಲಿ ನಡೆದಿರುವುದು ಇಷ್ಟು: ಮಗುವಿನ ಜವಳ ಚಿಂಚಲಿಯಲ್ಲಿ, ಅದರಲ್ಲಿ ರಾಜಿಯಿಲ್ಲ. ಅದಾದ ಮೇಲೆ ಬರುವ ಯಾವುದಾದರೊಂದು ಗುರುವಾರ ಸೊಸೆ ವಾಡಿಯ ದಾರಿ ಹಿಡಿಯುತ್ತಾಳೆ, ಮಗುವನ್ನೆತ್ತಿಕೊಳ್ಳಲೆಂದು ಅತ್ತೆಯೂ ಜೊತೆಗೆ ಹೊರಡುತ್ತಾಳೆ. ಮರಳುವಾಗ ಪೇಢೆಯ ಪುಡಿಕೆಯೊಡನೆ ಚಿಕ್ಕದೊಂದು ಹೊಸ ಪಟವೂ ಚೀಲದಲ್ಲಿರುತ್ತದೆ. ಅದನ್ನು ಜಗಲಿಯ ಯಾವ ಮೂಲೆಯಲ್ಲಿಡಬೇಕೆಂದು ಅತ್ತೆಯೇ ತೋರಿಸುತ್ತಾಳೆ.