ತೂಗುಹಾಕುವ ನಕ್ಷೆ, ಓದುವ ನಕ್ಷೆ

ಬೋಧನಾಭ್ಯಾಸದ ವೀಕ್ಷಣೆಗೆ ಹೋದಾಗಲೆಲ್ಲ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿ ನಕ್ಷೆಯನ್ನು ಗೋಡೆಗೆ ತೂಗುಹಾಕುತ್ತಾರೆ, ಕೋಲಿನಿಂದ ಎರಡು ಊರು ತೋರಿಸುತ್ತಾರೆ, ಆಮೇಲೆ ಅದಕ್ಕೆ ಬೆನ್ನು ಮಾಡಿ ಪಾಠ ಮುಗಿಸುತ್ತಾರೆ. ಮೌಲ್ಯಮಾಪನ ಪಟ್ಟಿಯ 'ಪಾಠೋಪಕರಣಗಳ ಬಳಕೆ' ಎಂಬ ಸಾಲಿನಲ್ಲಿ ಅವರಿಗೆ ಅಂಕವೂ ಸಿಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ನಕ್ಷೆಯನ್ನು ಯಾರೋ ಯಾವುದೋ ಉದ್ದೇಶಕ್ಕೆ ಬರೆದಿರುತ್ತಾರೆ. ಇನ್ನೊಂದು ದಾಖಲೆಯ ಪಕ್ಕದಲ್ಲಿಟ್ಟು ಓದದೆ ಅದು ಬಾಯಿ ಬಿಡುವುದಿಲ್ಲ.

ಇದನ್ನು ಅಭ್ಯಾಸ ಮಾಡಲು ನಾನು ಸೂಚಿಸುವುದು ಅಮೆರಿಕದ ಸೇನಾ ಕೋಟೆಗಳ ಹಳೆಯ ನಕ್ಷೆ, ಕಡತಗಳನ್ನು. ಚಿತ್ರದುರ್ಗ ಬಿಟ್ಟು ಅಮೆರಿಕಕ್ಕೇಕೆ ಹೋಗಬೇಕು ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ, ಕೇಳಬೇಕಾದದ್ದೇ. ಚಿತ್ರದುರ್ಗದ ನಕ್ಷೆ ಕೈಗೆ ಕೊಟ್ಟರೆ ಮಕ್ಕಳು ಓಬವ್ವನ ಕಿಂಡಿಯನ್ನು ಹುಡುಕಿ ಅಲ್ಲಿಗೇ ನಿಲ್ಲುತ್ತಾರೆ. ಕಥೆ ಗೊತ್ತಿರುವುದರಿಂದ ಕಾಗದವನ್ನು ಓದುವ ಅಗತ್ಯವೇ ಬರುವುದಿಲ್ಲ. ಕಥೆ ಗೊತ್ತಿಲ್ಲದ ಕೋಟೆಯಾದರೆ ಕಾಗದವೇ ಗತಿ. ಜೊತೆಗೆ, ಆ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಸಾವಿರಾರು ಹಳೆಯ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಸರಳ ಉದಾಹರಣೆ ಬೇಕಾದರೆ ನ್ಯೂಯಾರ್ಕ್ ರಾಜ್ಯದ ಟಿಕಾಂಡರೋಗಾ ಇದೆ. 1755ರಲ್ಲಿ ಕಟ್ಟಲು ಆರಂಭಿಸಿದ ಫ್ರೆಂಚರಿಗೆ ಅದು 'ಕ್ಯಾರಿಲಾನ್', 1759ರಲ್ಲಿ ವಶಪಡಿಸಿಕೊಂಡ ಇಂಗ್ಲಿಷರಿಗೆ 'ಟಿಕಾಂಡರೋಗಾ'. ಹೆಸರು ನೋಡಿಯೇ ಮಕ್ಕಳು ನಕ್ಷೆ ಯಾರ ಕಡೆಯದೆಂದು ಊಹಿಸಬಲ್ಲರು.

ಆದರೆ ಪೂರ್ತಿ ಒಂದು ಅವಧಿಗೆ ತಕ್ಕದ್ದು ಮಿನೆಸೋಟಾದ ಫೋರ್ಟ್ ಸ್ನೆಲಿಂಗ್. ಮಿಸಿಸಿಪ್ಪಿ ಮತ್ತು ಮಿನೆಸೋಟಾ ನದಿಗಳು ಕೂಡುವ ಕಡೆ, 1820ರ ದಶಕದಲ್ಲಿ ಕಟ್ಟಿದ ಕಲ್ಲಿನ ಕೋಟೆ ಅದು. ಮೂಲ ನಿವಾಸಿಗಳಾದ ಡಕೋಟಾ ಜನ ಆ ಜಾಗವನ್ನು 'ಬ್ಡೋಟೆ' ಎನ್ನುತ್ತಾರೆ, ಎರಡು ನೀರು ಸೇರುವ ಸ್ಥಳ ಎಂದು. ತುಂಗೆ, ಭದ್ರೆ ಸೇರುವ ಊರನ್ನು ಕೂಡಲಿ ಎನ್ನುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವ ಶ್ರಮವೇ ಇಲ್ಲ.

ಸೇನಾ ನಕ್ಷೆಯಲ್ಲಿ ವಜ್ರಾಕಾರದ ಗೋಡೆ, ಬುರುಜುಗಳು, ಸೈನಿಕರ ವಸತಿಸಾಲು, ಅಧಿಕಾರಿಗಳ ಮನೆಗಳು, ಮದ್ದಿನ ಮನೆ ಎಲ್ಲವೂ ಅಚ್ಚುಕಟ್ಟು. ಪಕ್ಕದಲ್ಲಿ ಕೋಟೆಯ ಮಾಸಿಕ ವರದಿಯನ್ನು ಇಡಬೇಕು. ಅಮೆರಿಕದ ಸೇನಾ ನೆಲೆಗಳು ಪ್ರತಿ ತಿಂಗಳು ಕಳಿಸುತ್ತಿದ್ದ ಇಂಥ ವರದಿಗಳನ್ನು, 1800ರಿಂದ 1916ರವರೆಗಿನವು, ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಮೈಕ್ರೋಫಿಲ್ಮ್ ಮಾಡಿಟ್ಟಿದೆ. ಯಾವ ತುಕಡಿ ಇತ್ತು, ಎಷ್ಟು ಸೈನಿಕರು, ಯಾವ ಅಧಿಕಾರಿ ರಜೆಯಲ್ಲಿದ್ದ ಎಂಬುದೆಲ್ಲ ಅದರಲ್ಲಿದೆ. ಅಧಿಕಾರಿಗಳ ಮನೆಯಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಂಕಣವಿಲ್ಲ.

ಅವರು ಸಿಗುವುದು ಸಂಬಳದ ಚೀಟಿಗಳಲ್ಲಿ. ಸೇವಕರನ್ನು ಇಟ್ಟುಕೊಂಡ ಅಧಿಕಾರಿಗೆ ಸರ್ಕಾರ ಭತ್ಯೆ ಕೊಡುತ್ತಿತ್ತು. ಭತ್ಯೆ ಪಡೆಯಲು ಸೇವಕನ ಹೆಸರು, ಎತ್ತರ, ಮೈಬಣ್ಣ ಬರೆಯಬೇಕಿತ್ತು. ಗೌರವದಿಂದ ಬರೆದುಕೊಂಡ ಹೆಸರುಗಳಲ್ಲ ಅವು, ಹಣಕ್ಕಾಗಿ ಬರೆದವು. ಆದರೂ ನಕ್ಷೆಯ 'ಅಡಿಗೆಮನೆ'ಯಲ್ಲಿ ಒಲೆ ಉರಿಸುತ್ತಿದ್ದವರು ಯಾರೆಂಬುದಕ್ಕೆ ಅಲ್ಲೇ ಸುಳಿವು.

ಅಂಥವರಲ್ಲಿ ಒಬ್ಬ ಡ್ರೆಡ್ ಸ್ಕಾಟ್. 1836ರಲ್ಲಿ ಸೇನಾ ವೈದ್ಯ ಜಾನ್ ಎಮರ್ಸನ್ ಅವನನ್ನು ಈ ಕೋಟೆಗೆ ಕರೆತಂದ. ಮುಂದೆ ಸ್ಕಾಟ್ ತನ್ನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಹೋದಾಗ ವಾದದ ಒಂದು ಮುಖ್ಯ ಆಧಾರವೇ ಕೋಟೆ ಇದ್ದ ಜಾಗ. ಲೂಸಿಯಾನಾ ಖರೀದಿಯ ಭೂಭಾಗದಲ್ಲಿ, ಮಿಸೌರಿ ರಾಜ್ಯವನ್ನು ಬಿಟ್ಟು, 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿಯನ್ನು 1820ರ ಕಾನೂನು ನಿಷೇಧಿಸಿತ್ತು. ಕೋಟೆ ಇರುವುದು ಸುಮಾರು 45 ಡಿಗ್ರಿ ಉತ್ತರದಲ್ಲಿ, ಮಿಸಿಸಿಪ್ಪಿಯ ಪಶ್ಚಿಮ ದಂಡೆಯಲ್ಲಿ. ಅಕ್ಷಾಂಶ ಗುರುತಿಸುವುದು ನಮ್ಮಲ್ಲಿ ಎರಡು ಅಂಕದ ಒಣ ಚಟುವಟಿಕೆ. ಇಲ್ಲಿ ಅದರ ಮೇಲೆ ಒಂದು ಕುಟುಂಬದ ಬಿಡುಗಡೆ ನಿಂತಿತ್ತು. 1857ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು, ಆ ನಿಷೇಧವೇ ಸಂವಿಧಾನಬಾಹಿರ ಎಂದಿತು. ಏಕೆಂದು ತರಗತಿ ತಾನಾಗಿ ಕೇಳುತ್ತದೆ.

ಸಮಯ ಉಳಿದರೆ ಇನ್ನೊಂದು ಕಾಗದ. ಕೋಟೆಯ ನೆಲಕ್ಕಾಗಿ 1805ರಲ್ಲಿ ಜೆಬುಲಾನ್ ಪೈಕ್ ಡಕೋಟಾ ಮುಖಂಡರೊಂದಿಗೆ ಮಾಡಿಕೊಂಡ ಒಪ್ಪಂದ. ಸಹಿ ಹಾಕಿದವರು ಇಬ್ಬರೇ. ಬೆಲೆಯ ಜಾಗ ಖಾಲಿ. 1808ರಲ್ಲಿ ಸೆನೆಟ್ ಅಲ್ಲಿ 2,000 ಡಾಲರ್ ಎಂದು ತುಂಬಿತು. ಅದೇ ಕೋಟೆಯ ಕೆಳಗಿನ ನದೀತೀರದಲ್ಲಿ 1862–63ರ ಚಳಿಗಾಲದಲ್ಲಿ ಸುಮಾರು 1,600 ಡಕೋಟಾ ಜನರನ್ನು ಕೂಡಿಹಾಕಲಾಯಿತು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಗೋಡೆಯ ಒಳಗನ್ನಷ್ಟೇ ತೋರಿಸುವ ನಕ್ಷೆಯಲ್ಲಿ ಆ ತೀರ ಬರಿಯ ಅಂಚು.

ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ಆಗದು ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ಎರಡೇ ಹಾಳೆ ಸಾಕು: ನಕ್ಷೆ ಮತ್ತು ಭತ್ಯೆಯ ಚೀಟಿ. ಹಳೆಯ ಇಂಗ್ಲಿಷ್ ಕೈಬರಹ ಮಕ್ಕಳಿಗೆ ಕಷ್ಟ, ಹಾಗಾಗಿ ಕನ್ನಡ ಪಾಠ ಜೊತೆಗಿರಲಿ. ಮೂಲದ ನಕಲನ್ನು ಮಾತ್ರ ಕೈಬಿಡಬಾರದು, ಹೊಡೆದುಹಾಕಿದ ಸಾಲುಗಳೂ ಮಸಿಯ ಕಲೆಗಳೂ ಅದರಲ್ಲೇ ಇರುವುದು. ಮೌಲ್ಯಮಾಪನ ಪಟ್ಟಿಯ ಆ ಸಾಲನ್ನೂ ತಿದ್ದಬೇಕೆಂದು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ಪಾಠೋಪಕರಣದ ಬಗ್ಗೆ ಮಕ್ಕಳು ಕೇಳಿದ ಪ್ರಶ್ನೆಗಳೆಷ್ಟು ಎಂದು ಅಲ್ಲಿ ಬರೆಯೋಣ, ಅಂಕವನ್ನು ಅದಕ್ಕೇ ಕೊಡೋಣ.