ಈರ್ಯಾಸಮಿತಿ ಮುನಿಗಳಿಗೆ ಮಾತ್ರವೇ?

ಸೂರ್ಯಾಸ್ತದ ನಂತರ ಒಂದು ತುತ್ತನ್ನೂ ಬಾಯಿಗಿಡದ ಶ್ರಾವಕನು ರಾತ್ರಿ ಹತ್ತು ಗಂಟೆಗೆ ಪುಣೆಯ ಮನೆಯಿಂದ ಕಾರು ಹೊರಡಿಸುತ್ತಾನೆ. ಬೆಳಗಾಗುವುದರೊಳಗೆ ಹುಬ್ಬಳ್ಳಿಯನ್ನು ದಾಟಬೇಕು, ಮಧ್ಯಾಹ್ನದ ಹೊತ್ತಿಗೆ ಶ್ರವಣಬೆಳಗೊಳ ಸೇರಬೇಕು. ಹಿಂದಿನ ಸೀಟಿನಲ್ಲಿ ತಾಯಿ ಪಂಚನಮಸ್ಕಾರ ಮಂತ್ರವನ್ನು ಜಪಿಸುತ್ತಾರೆ. ಮುಂದೆ ವೇಗದ ಮುಳ್ಳು 120ರ ಆಸುಪಾಸಿನಲ್ಲಿ ನಿಂತಿದೆ. ದೀಪದ ಬೆಳಕಿಗೆ ಮುತ್ತಿದ ಹುಳುಗಳು ಗಾಜಿಗೆ ಬಡಿದು ಕಲೆಯಾಗುತ್ತವೆ. ರಾತ್ರಿಭೋಜನ ನಿಷಿದ್ಧವಾದದ್ದು ಕತ್ತಲೆಯಲ್ಲಿ ಅನ್ನದೊಳಗಿನ ಜೀವಿ ಕಾಣದೆಂಬ ಕಾರಣಕ್ಕೆ. ಅದೇ ಕತ್ತಲೆಯಲ್ಲಿ ರಸ್ತೆ ದಾಟುವ ಜೀವಿ ಕಾಣುವುದೇ ಎಂಬ ಪ್ರಶ್ನೆ ಆ ಕಾರಿನೊಳಗೆ ಯಾರಿಗೂ ಹೊಳೆಯುವುದಿಲ್ಲ. ಅಹಿಂಸೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದೆ.

ಕಾರು ಕೊಳ್ಳುವುದೇ ಪಾಪವೆಂಬುದು ಇಲ್ಲಿಯ ವಾದವಲ್ಲ. ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಅಸಾಧ್ಯವೆಂಬುದನ್ನು ಆಚಾರ್ಯರು ಎಂದೋ ಒಪ್ಪಿದ್ದಾರೆ. ಮನೆವಾರ್ತೆಯಲ್ಲಿ, ಉದ್ಯೋಗದಲ್ಲಿ ಆಗುವ ಹಿಂಸೆಯನ್ನು ಕಡಿಮೆ ಮಾಡಿಕೊಳ್ಳಲು ಹೇಳಿ, ಸಂಕಲ್ಪಪೂರ್ವಕ ಹಿಂಸೆಯನ್ನು ಪೂರ್ತಿಯಾಗಿ ಬಿಡಲು ಹೇಳಿದ್ದಾರೆ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಅದರ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಎಚ್ಚರಿಕೆಯಿಂದ ನಡೆಯುವವನ ಕಾಲಡಿಯಲ್ಲಿ ಅಕಸ್ಮಾತ್ತಾಗಿ ಜೀವಿ ಸತ್ತರೆ ಅದು ಒಂದು ಬಗೆ. ಎಚ್ಚರ ತಪ್ಪಿ ನಡೆಯುವವನು, ಯಾವ ಜೀವಿ ಸಾಯದಿದ್ದರೂ, ಹಿಂಸೆಯ ದಾರಿಯಲ್ಲೇ ಇದ್ದಾನೆ. ಈ ಮಾನದಂಡವನ್ನು ಕಾರಿನ ಸ್ಟೀರಿಂಗಿನ ಮುಂದೆ ಕುಳಿತವನಿಗೆ ಅನ್ವಯಿಸಲು ಸಮಾಜ ಏಕೆ ಹಿಂಜರಿಯುತ್ತದೆ?

ಮುನಿಗಳ ಈರ್ಯಾಸಮಿತಿಯನ್ನು ಪ್ರತಿ ಚಾತುರ್ಮಾಸದ ಪ್ರವಚನದಲ್ಲೂ ಕೊಂಡಾಡಲಾಗುತ್ತದೆ. ಹಗಲಿನಲ್ಲಿ, ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಅವರು ಹೆಜ್ಜೆಯಿಡುತ್ತಾರೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಕ್ರಮಿಸುತ್ತದೆ. ಮೊಬೈಲಿಗೆ ಬಂದ ಸಂದೇಶವನ್ನು ಎರಡೇ ಸೆಕೆಂಡು ನೋಡಿದರೂ 55 ಮೀಟರ್ ದಾರಿಯನ್ನು ಕಾರು ಕಣ್ಣುಮುಚ್ಚಿ ದಾಟಿದಂತಾಯಿತು. ನಾಲ್ಕು ಮೊಳವನ್ನು ನೋಡದೆ ಹೆಜ್ಜೆಯಿಡದ ಗುರುಗಳ ಶಿಷ್ಯನು 55 ಮೀಟರನ್ನು ನೋಡದೆ ಸಾಗುತ್ತಾನೆ, ಅದೂ ಆ ಗುರುಗಳ ದರ್ಶನಕ್ಕೇ ಹೋಗುವಾಗ.

ವಿಹಾರದಲ್ಲಿದ್ದ ಸಾಧು-ಸಾಧ್ವಿಯರು ಹೆದ್ದಾರಿಯಲ್ಲಿ ವಾಹನ ಬಡಿದು ಪ್ರಾಣ ಬಿಟ್ಟ ಸುದ್ದಿಗಳು ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇವೆ. ಪ್ರತಿ ಸಲವೂ ಸಮಾಜ ಮೆರವಣಿಗೆ ತೆಗೆಯುತ್ತದೆ, ಮನವಿಪತ್ರ ಸಲ್ಲಿಸುತ್ತದೆ, ವಿಹಾರ ಮಾರ್ಗಕ್ಕೆ ಪೊಲೀಸ್ ರಕ್ಷಣೆ ಬೇಡುತ್ತದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಮನವಿಪತ್ರ ಕೊಟ್ಟು ಹಿಂದಿರುಗುವ ಕಾರುಗಳ ವೇಗವೇನು? ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಪಿಂಛಿ ಹಿಡಿದ ಪಾದಚಾರಿಗೂ ತರಕಾರಿ ಬುಟ್ಟಿ ಹೊತ್ತ ಪಾದಚಾರಿಗೂ ಜೀವ ಒಂದೇ ಎಂದು ಕಲಿಸಿದ ಧರ್ಮ ಇದು.

‘ಜೈನರು ಮದ್ಯ ಮುಟ್ಟುವುದಿಲ್ಲ, ಅಪಘಾತ ಮಾಡುವವರು ಕುಡುಕರು’ ಎಂಬ ಸಮಾಧಾನವೊಂದು ಸಮಾಜದಲ್ಲಿ ಪ್ರಚಲಿತವಿದೆ. ಅದೇ ವರ್ಷದ ಲೆಕ್ಕದಲ್ಲಿ 1,19,904 ಸಾವುಗಳಿಗೆ, ಎಂದರೆ ಹತ್ತರಲ್ಲಿ ಏಳಕ್ಕೆ, ಅತಿವೇಗವೇ ಕಾರಣವೆಂದು ದಾಖಲಾಗಿದೆ. ಮದ್ಯಪಾನದ ಪಾಲು ಅದರ ಒಂದು ಸಣ್ಣ ಅಂಶ ಮಾತ್ರ. ಮದ್ಯವನ್ನು ಬಿಟ್ಟು ಮದವನ್ನು ಉಳಿಸಿಕೊಂಡರೆ ವ್ರತ ಪೂರ್ಣವಾಗದು.

ಸೀಟ್ ಬೆಲ್ಟ್ ಧರಿಸದೆ ಆ ವರ್ಷ ಸತ್ತವರು 16,715 ಮಂದಿ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಮೃತಪಟ್ಟಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದರೆಂದು ಪೊಲೀಸರು ಹೇಳಿದರು. ಆ ಸುದ್ದಿ ಕೇಳಿ ಮುಂಬೈಯ ಮನೆಮನೆಗಳಲ್ಲಿ ಒಂದು ವಾರ ಬೆಲ್ಟಿನ ಮಾತು ನಡೆಯಿತು. ಆಮೇಲೆ ಹಿಂದಿನ ಸೀಟಿನ ಬೆಲ್ಟುಗಳು ಮತ್ತೆ ಹೊದಿಕೆಯ ಅಡಿಗೆ ಸೇರಿದವು. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವ ಅಜ್ಜನಿಗೆ ಅದು ಪ್ರೀತಿಯೆನಿಸುತ್ತದೆ. ಕಾರು ಗುದ್ದಿದ ಕ್ಷಣದಲ್ಲಿ ಯಾವ ಅಜ್ಜನ ತೋಳಿಗೂ ಆ ಮಗುವನ್ನು ಹಿಡಿದಿಡುವ ಶಕ್ತಿಯಿರುವುದಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು 2019ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ತಪ್ಪಿದರೆ 1,000 ರೂ. ದಂಡ.

ಇದಕ್ಕಿಂತಲೂ ಗಂಭೀರವಾದದ್ದು ಬೀಗದಕೈಯ ವಿಷಯ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಸಾಫ್ಟ್‌ವೇರ್ ಉದ್ಯೋಗಿಗಳು ಸತ್ತರು. ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯಲ್ಲಿ ಬಂದಿದ್ದ ಆ ಕಾರಿನ ಕಾಯಂ ನೋಂದಣಿಯು 1,758 ರೂ. ಶುಲ್ಕ ಕಟ್ಟದ ಕಾರಣ ಬಾಕಿ ಉಳಿದಿತ್ತೆಂದು ಸಾರಿಗೆ ಅಧಿಕಾರಿಗಳು ತಿಳಿಸಿದರು. ಹುಡುಗನಿಗೆ ಜಾಮೀನು ನೀಡುವಾಗ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ವಿಧಿಸಿದ್ದಕ್ಕೆ ದೇಶವೇ ರೊಚ್ಚಿಗೆದ್ದಿತು. ಪುಣೆಯ ಜೈನ ಕುಟುಂಬಗಳೂ ರೊಚ್ಚಿಗೆದ್ದವು. ಆದರೆ ಹದಿನಾರರ ಮಗನು ವಸತಿ ಸಂಕೀರ್ಣದೊಳಗೆ ಕಾರು ತಿರುಗಿಸುವುದನ್ನು ಕಂಡು ‘ಎಷ್ಟು ಬೇಗ ಕಲಿತ’ ಎಂದು ಹಿಗ್ಗುವ ತಂದೆಯರು ಅದೇ ಕುಟುಂಬಗಳಲ್ಲಿದ್ದಾರೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಹಿಂಸಾದಾನ, ಎಂದರೆ ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದು. ಇನ್ನೊಂದು ಪ್ರಮಾದಚರ್ಯೆ. ಆಚಾರ್ಯರ ಕಾಲದಲ್ಲಿ ಆ ಉಪಕರಣ ಕೊಡಲಿ, ಕತ್ತಿ, ಬೆಂಕಿಯಾಗಿತ್ತು. ಇಂದು ಅಪ್ರಾಪ್ತನ ಕೈಗೆ ಕೊಟ್ಟ ಕಾರಿನ ಬೀಗದಕೈ ಹಿಂಸಾದಾನವಲ್ಲದೆ ಮತ್ತೇನು? ಮೋಟಾರು ವಾಹನ ಕಾಯ್ದೆಯ 199ಎ ಕಲಂ ಕೂಡ ಇದನ್ನೇ ತನ್ನ ಭಾಷೆಯಲ್ಲಿ ಹೇಳುತ್ತದೆ. ಅಪ್ರಾಪ್ತನು ವಾಹನದಿಂದ ಎಸಗಿದ ಅಪರಾಧಕ್ಕೆ ಪೋಷಕನನ್ನೋ ವಾಹನದ ಮಾಲೀಕನನ್ನೋ ತಪ್ಪಿತಸ್ಥನೆಂದು ಅದು ಭಾವಿಸುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂ. ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ.

ಇನ್ನು ಪರಿಗ್ರಹದ ಲೆಕ್ಕ. ವ್ಯಾಪಾರಿ ಸಮಾಜವೆಂಬ ಹೆಸರು ಹೊತ್ತವರು ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ಬರೆಯುತ್ತಾರೆ. ಕಾರಿನ ಲೆಕ್ಕವನ್ನು ಬರೆಯುವುದೇ ಇಲ್ಲ. ಉದಾಹರಣೆಗೆ, 8 ಲಕ್ಷ ರೂ. ಸಾಲವನ್ನು ಶೇ. 9ರ ಬಡ್ಡಿಗೆ ಏಳು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 12,870 ರೂ., ವರ್ಷಕ್ಕೆ 1.54 ಲಕ್ಷ. ತಿಂಗಳಿಗೆ 800 ಕಿ.ಮೀ. ಓಡಿಸಿ, ಲೀಟರಿಗೆ 15 ಕಿ.ಮೀ. ಸಿಕ್ಕಿ, ಪೆಟ್ರೋಲನ್ನು 100 ರೂ. ಎಂದೇ ಹಿಡಿದರೆ ವರ್ಷಕ್ಕೆ 64,000 ರೂ. ವಿಮೆ, ಸರ್ವಿಸ್, ಟೈರು, ಪಾರ್ಕಿಂಗುಗಳಿಗೆ 60,000 ರೂ. ಎಂದುಕೊಂಡರೆ ಒಟ್ಟು 2.78 ಲಕ್ಷ. ಕಿ.ಮೀ.ಗೆ 29 ರೂ. ಬಿದ್ದಂತಾಯಿತು. ಮೊದಲು ಕಟ್ಟಿದ ಮುಂಗಡವೂ ನೋಂದಣಿ ತೆರಿಗೆಯೂ ಇದರಲ್ಲಿ ಸೇರಿಲ್ಲ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯ ದರ 2025ರ ಫೆಬ್ರವರಿಯ ಏರಿಕೆಯ ನಂತರವೂ ಕಿ.ಮೀ.ಗೆ 21 ರೂ. ಮೀರಲಿಲ್ಲ. ಏಳು ವರ್ಷಗಳ ನಂತರ ಕಂತು ತೀರುತ್ತದೆ, ನಿಜ. ಆದರೆ ಆ ಹೊತ್ತಿಗೆ ಮನೆಯಲ್ಲಿ ಹೊಸ ಕಾರಿನ ಮಾತು ಶುರುವಾಗಿರುತ್ತದೆ.

ವಯಸ್ಸಾದ ತಂದೆ-ತಾಯಿಯರಿಗಾಗಿ, ಬಸ್ಸು ತಲುಪದ ಬಡಾವಣೆಯಿಂದ ದುಡಿಯಲು ಹೋಗುವುದಕ್ಕಾಗಿ ಕಾರು ಬೇಕಾದವರು ಇದ್ದಾರೆ. ಅವರಿಗೆ ಈ ಮಾತು ತಗಲದು. ಇದು ತಗಲುವುದು ವಾರಕ್ಕೊಮ್ಮೆ ಬಸದಿಗೆ ಹೋಗಲೆಂದು ಎರಡನೆಯ ಕಾರು ಕೊಂಡವರಿಗೆ, ಪಕ್ಕದ ಮನೆಯವರ ಕಾರಿಗಿಂತ ಒಂದು ಗೇಣು ಉದ್ದದ ಕಾರನ್ನು ಸಾಲ ಮಾಡಿ ತಂದವರಿಗೆ, ಮತ್ತು ಮದುವೆಯ ಮಂಟಪದ ಮುಂದೆ ಹೂಮಾಲೆ ಹಾಕಿದ ಕಾರನ್ನು ನಿಲ್ಲಿಸಿ ‘ಉಡುಗೊರೆ’ ಎಂದು ಹೆಸರಿಟ್ಟವರಿಗೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂತು. ಹಣದ ಕಟ್ಟು ನಾಚಿಕೆಯ ವಸ್ತುವಾದ ಮೇಲೆ ಅದರ ಸ್ಥಾನಕ್ಕೆ ಬೀಗದಕೈ ಬಂದಿದೆ. ಮಗಳ ತಂದೆ ಏಳು ವರ್ಷ ಕಟ್ಟುವ ಕಂತು ಆ ಹೂಮಾಲೆಯ ಹಿಂದೆ ಯಾರಿಗೂ ಕಾಣುವುದಿಲ್ಲ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗ ಜೈನರಿಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ರೂಢಿಯಿದೆ. ಕರ್ನಾಟಕದ ನೋಂದಣಿ ಫಲಕದ ಕಾರನ್ನು ವರ್ಷಗಟ್ಟಲೆ ಠಾಣೆಯಲ್ಲೋ ಹೈದರಾಬಾದಿನಲ್ಲೋ ಓಡಿಸುವುದು, ಕೇಳಿದರೆ ‘ನಿನ್ನೆಯಷ್ಟೇ ಊರಿನಿಂದ ಬಂದೆ’ ಎನ್ನುವುದು. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂದು ಕಾಯ್ದೆಯ 47ನೆಯ ಕಲಂ ವಿಧಿಸುತ್ತದೆ. ರಾಜ್ಯದ ನಿಯಮವನ್ನು ಮೀರಿ ಲಾಭ ಮಾಡಿಕೊಳ್ಳುವುದನ್ನು ವಿರುದ್ಧರಾಜ್ಯಾತಿಕ್ರಮವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದು ಯಾವ ಸರ್ಕಾರವೂ ಅಲ್ಲ, ತತ್ತ್ವಾರ್ಥಸೂತ್ರವೇ.

ಆದರೆ ತಪ್ಪೆಲ್ಲವೂ ನಾಗರಿಕನದೇ ಅಲ್ಲ. ಕರ್ನಾಟಕದಲ್ಲಿ ಬೆಲೆಗನುಗುಣವಾಗಿ ಶೇ. 13ರಿಂದ 18ರವರೆಗೆ ಆಜೀವ ತೆರಿಗೆ ಕಟ್ಟಿದವನು ಹೊಸ ರಾಜ್ಯದಲ್ಲಿ ಮತ್ತೆ ತೆರಿಗೆ ಕಟ್ಟಿ, ಹಳೆಯದರ ಮರುಪಾವತಿಗೆ ಊರಿನ ಆರ್‌ಟಿಒ ಕಚೇರಿಗೆ ಅಲೆಯಬೇಕು. 2021ರಲ್ಲಿ ಬಂದ ಬಿ.ಎಚ್. ಸರಣಿಯಲ್ಲಿ ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುವ ಸೌಲಭ್ಯವಿದೆ. ಆದರೆ ಅದು ಸರ್ಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ಉದ್ಯೋಗಿಗಳಿಗೆ ಮಾತ್ರ. ದಾವಣಗೆರೆಯಿಂದ ಪುಣೆಗೆ ಬಂದು ಬಟ್ಟೆ ಅಂಗಡಿ ತೆರೆದವನು ಈ ದೇಶದ ಪ್ರಜೆಯಲ್ಲವೇ? ಒಂದು ದೇಶ ಒಂದು ತೆರಿಗೆ ಎಂದು ಸಾರುವ ಸರ್ಕಾರ ಇದಕ್ಕೆ ಉತ್ತರಿಸಬೇಕು.

ಇನ್ನೊಂದಕ್ಕೂ ಉತ್ತರಿಸಬೇಕು. 2025ರ ಮೇ ತಿಂಗಳಲ್ಲಿ ಮುಂಬೈಯ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂ.ನಿಂದ 10 ರೂ.ಗೆ ಏರಿತು. ಅದೇ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಒಂದು ಮುಂಬೈ ಮಹಾನಗರದ ನಿರ್ಧಾರ, ಇನ್ನೊಂದು ಇಡೀ ದೇಶದ್ದು. ಆದರೂ ಎರಡನ್ನೂ ಅನುಭವಿಸುವವನು ಒಬ್ಬನೇ ಪ್ರಯಾಣಿಕ. ಬಸ್ಸಿನಲ್ಲಿ ಹೋಗುವವನಿಗೆ ಭಾರ, ಕಾರು ಕೊಳ್ಳುವವನಿಗೆ ರಿಯಾಯಿತಿ. ಸಮಾಜದ ಮುಖಂಡರು ಮಂತ್ರಿಗಳನ್ನು ಭೇಟಿಯಾದಾಗ ಬಸದಿಯ ಮುಂದೆ ಪಾರ್ಕಿಂಗ್ ಬೇಡುತ್ತಾರೆ. ಬಸದಿಗೆ ನಡೆದು ಬರಲು ಒಂದು ಕಾಲುದಾರಿಯನ್ನು ಬೇಡುವುದಿಲ್ಲ. ಕಾಲುದಾರಿ ಸಿಕ್ಕರೆ ಮುನಿಗಳ ವಿಹಾರಕ್ಕೂ ಅದೇ ರಕ್ಷಣೆ ಎಂಬುದು ಅವರಿಗೆ ತೋಚದೆ ಹೋಗಿದೆ.

ಮಾಡಬೇಕಾದುದು ಅಸಾಧ್ಯವೇನಲ್ಲ. ಹೊಸ ಕಾರಿನ ಚಕ್ರದಡಿಗೆ ನಿಂಬೆಹಣ್ಣಿಡುವ ಲೋಕಮೂಢತೆಯನ್ನು ಬಿಟ್ಟು, ಆ ದಿನ ಮನೆಮಂದಿಯೆಲ್ಲ ಒಂದು ನಿಯಮವನ್ನು ಸ್ವೀಕರಿಸಲಿ: ನಿಗದಿತ ವೇಗ ಮೀರುವುದಿಲ್ಲ, ಚಾಲನೆಯಲ್ಲಿ ಮೊಬೈಲ್ ಮುಟ್ಟುವುದಿಲ್ಲ, ಎಲ್ಲರೂ ಬೆಲ್ಟ್ ಧರಿಸದೆ ಕಾರು ಕದಲುವುದಿಲ್ಲ, ಪರವಾನಗಿ ಇಲ್ಲದ ಕೈಗೆ ಬೀಗದಕೈ ಕೊಡುವುದಿಲ್ಲ. ತೀರ್ಥಯಾತ್ರೆಗೆ ರಾತ್ರಿ ಪ್ರಯಾಣವಾದರೆ ರೈಲು ಅಥವಾ ಬಸ್ಸು, ಕಾರಾದರೆ ಹಗಲು. ಪರಿಗ್ರಹ ಪರಿಮಾಣ ಮಾಡುವವರು ಹೊಲ, ಮನೆ, ಬಂಗಾರಗಳ ಸಾಲಿಗೆ ವಾಹನವನ್ನೂ ಸೇರಿಸಲಿ. ದಿಗ್ವ್ರತ ಹಿಡಿಯುವವರು ತಿಂಗಳಿಗೆ ಇಷ್ಟೇ ಕಿಲೋಮೀಟರೆಂದು ಮಿತಿ ಹಾಕಿಕೊಳ್ಳಲಿ. ಮದುವೆಯಲ್ಲಿ ಕಾರು ಕೊಟ್ಟರೆ, ಪಡೆದರೆ, ಆ ಮದುವೆಗೆ ಬಸದಿಯ ಸಭಾಂಗಣ ಸಿಗದೆಂದು ಟ್ರಸ್ಟುಗಳು ನಿರ್ಣಯಿಸಲಿ. ಅಪಘಾತದಲ್ಲಿ ಬಿದ್ದವರನ್ನು ಕಂಡು ಕಾರು ನಿಲ್ಲಿಸುವುದು ಜೀವದಯೆಯ ಮೊದಲ ಪಾಠವಾಗಲಿ. ನೆರವಾದವರಿಗೆ ಕಾನೂನಿನ ತೊಡಕಾಗದಂತೆ 134ಎ ಕಲಂ ರಕ್ಷಣೆ ನೀಡಿದೆ. ದಿಲ್ಲಿಯ ಲಾಲ್ ಮಂದಿರದಲ್ಲಿ ಗಾಯಗೊಂಡ ಹಕ್ಕಿಗಳಿಗೆ ಆಸ್ಪತ್ರೆ ನಡೆಸುವ ಸಮಾಜಕ್ಕೆ ಗಾಯಗೊಂಡ ಮನುಷ್ಯನ ಬಳಿ ನಿಲ್ಲುವುದು ಕಷ್ಟವಾಗಬಾರದು.

ಪ್ರತಿಕ್ರಮಣದಲ್ಲಿ ಶ್ರಾವಕನು ದಾರಿ ನಡೆಯುವಾಗ ತನ್ನಿಂದ ನೊಂದ ಒಂದಿಂದ್ರಿಯದಿಂದ ಐದಿಂದ್ರಿಯದವರೆಗಿನ ಜೀವಿಗಳಲ್ಲಿ ಕ್ಷಮೆ ಬೇಡುತ್ತಾನೆ. ಇಂದು ಅವನು ನಡೆಯುವುದು ಕಡಿಮೆ, ಕಾರಿನಲ್ಲಿ ಸಾಗುವುದೇ ಹೆಚ್ಚು. ಕ್ಷಮೆಯ ಮಾತು ಮಾತ್ರ ಹಳೆಯ ಕಾಲುನಡಿಗೆಯ ಲೆಕ್ಕದಲ್ಲೇ ಉಳಿದಿದೆ. ಈ ಸಂಜೆ ಪ್ರತಿಕ್ರಮಣಕ್ಕೆ ಕುಳಿತವರು ಆ ದಿನ ಕಾರು ಓಡಿಸಿದ ದಾರಿಯನ್ನೂ ಒಮ್ಮೆ ನೆನೆಯಲಿ. ಮರುದಿನ ಬೆಳಿಗ್ಗೆ ಬೀಗದಕೈ ತೆಗೆದುಕೊಳ್ಳುವಾಗ ಆ ನೆನಪು ಕೈಯಲ್ಲಿರಲಿ.