ಕೈಗುಣ ಸಾಕು, ಕಟ್ಟುಕತೆ ಬೇಡ

ಹೋದ ವರ್ಷ ಲಿಂಗಂಪಲ್ಲಿಯ ನಮ್ಮ ಮನೆ ಹತ್ತಿರದ ಫಿಸಿಯೋಥೆರಪಿ ಕ್ಲಿನಿಕ್ ಒಂದಕ್ಕೆ ಕರಪತ್ರ ಅನುವಾದಿಸಿಕೊಟ್ಟೆ. ಬೀದರ್, ಕಲಬುರಗಿ ಕಡೆಯಿಂದ ರೈಲಿಳಿದು ಬರುವವರಿಗಾಗಿ ಅವರಿಗೆ ಕನ್ನಡ ಬೇಕಿತ್ತು. ವಿಷಯ, ‘ಮೈಯೋಫ್ಯಾಶಿಯಲ್ ರಿಲೀಸ್’. ಸ್ನಾಯುಗಳನ್ನು ಸುತ್ತಿಕೊಂಡಿರುವ ಪೊರೆಯೇ ಫ್ಯಾಶಿಯಾ. ಮಾಂಸ ಹೆಚ್ಚುವಾಗ ಚಾಕುವಿಗೆ ಸಿಗುವ ಬಿಳಿ ಪೊರೆಯಂಥದ್ದು. ‘ನಿಮ್ಮ ಪೊರೆ ಅಂಟಿಕೊಂಡು ಗಂಟುಬಿದ್ದಿದೆ, ನಮ್ಮ ಕೈ ಅದನ್ನು ಬಿಡಿಸುತ್ತದೆ’ ಎಂದು ಬರೆದೆ. ಸಾಲು ಚೆನ್ನಾಗಿ ಬಂತೆಂದು ಖುಷಿಯಾಯಿತು. ದುಡ್ಡೂ ಬಂತು.

ಕೆಲವು ತಿಂಗಳ ಮೇಲೆ ಹುಮನಾಬಾದಿನಿಂದ ಅವ್ವ ಬಂದಳು. ‘ನಡಾ ಹಿಡ್ದದ’ ಎಂದಳು. ಅಲ್ಲಿಗೇ ಕರೆದೊಯ್ದೆ. ಹತ್ತು ಸಿಟ್ಟಿಂಗ್‌ಗಳ ಪ್ಯಾಕೇಜು. ಮೊದಲ ದಿನವೇ ಸೊಂಟ ಹಗುರಾಯಿತು, ಎರಡು ದಿನಕ್ಕೆ ನೋವು ಮರಳಿತು. ಆದರೆ ಅಷ್ಟರಲ್ಲಿ ಅವ್ವ ಬಗ್ಗುವುದನ್ನೇ ಬಿಟ್ಟಿದ್ದಳು. ಬಾಗಿಲಿಗೆ ರಂಗೋಲಿ ಇಲ್ಲ, ಬಕೆಟ್ ಎತ್ತುವುದಿಲ್ಲ. ಯಾಕೆಂದರೆ, ‘ಪೊರಿ ಅಂಟ್ಯದಂತಲ್ಲ, ಬಗ್ಗಿದ್ರ ಹರೀತದ’ ಎಂದಳು. ಹರಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಟಿದ್ದನ್ನು ಎಳೆದರೆ ಹರಿಯುತ್ತದೆ ಎಂಬ ಅರ್ಥ ಆ ರೂಪಕದೊಳಗೇ ಇತ್ತು. ಆ ಕನ್ನಡ ನನ್ನದು.

ಈ ರೂಪಕ ಹಳೆಯದು. ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ್ದ ಅಮೆರಿಕದ ಐಡಾ ರಾಲ್ಫ್ (1896–1979), ಒತ್ತಡ ಮತ್ತು ಶಾಖಕ್ಕೆ ಗಟ್ಟಿ ಪೊರೆ ಮೆದುವಾಗುತ್ತದೆ ಎಂದು ವಾದಿಸಿ ಹತ್ತು ಸಿಟ್ಟಿಂಗ್‌ಗಳ ಪದ್ಧತಿಯನ್ನೇ ಕಟ್ಟಿದರು. ಆದರೆ 2008ರಲ್ಲಿ ಅಮೆರಿಕದ ಆಸ್ಟಿಯೋಪಥಿ ಸಂಘದ ಪತ್ರಿಕೆಯಲ್ಲಿ ಬಂದ ಗಣಿತದ ಲೆಕ್ಕಾಚಾರ ಬೇರೆಯೇ ಹೇಳಿತು. ತೊಡೆಯ ಹೊರಬದಿಯ ಮತ್ತು ಅಂಗಾಲಿನ ಗಟ್ಟಿ ಪೊರೆಗಳ ಆಕಾರವನ್ನು ಶೇ 1ರಷ್ಟು ಬದಲಿಸಲೂ ಮನುಷ್ಯನ ಕೈಯ ಬಲ ಸಾಲದು. ಅಂಥ ಕಡೆ ‘ಬಿಟ್ಟುಕೊಂಡಿತು’ ಎಂದು ಬೆರಳಿಗೆ ಅನಿಸುವುದು ಪೊರೆ ಹಿಗ್ಗಿದ್ದರಿಂದಲ್ಲ.

‘ಹಾಗಾದರೆ ನನಗೆ ಹಗುರಾದದ್ದು ಸುಳ್ಳೇ?’ ಎಂದು ಕೇಳುತ್ತೀರಿ. ಸುಳ್ಳಲ್ಲ. ಚರ್ಮದಲ್ಲೂ ಪೊರೆಯಲ್ಲೂ ನರದ ತುದಿಗಳಿವೆ. ನಿಧಾನವಾದ, ಭರವಸೆ ಕೊಡುವ ಒತ್ತಡಕ್ಕೆ ನರಮಂಡಲ ತನ್ನ ಕಾವಲನ್ನು ತುಸು ಸಡಿಲಿಸುತ್ತದೆ, ನೋವು ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಮಸಾಜಿಗೂ ಜಾಗವಿದೆ, ವ್ಯಾಯಾಮ ಮತ್ತು ತಿಳಿವಳಿಕೆಯ ಜೊತೆಗೆ. ಆದ್ದರಿಂದ ನನ್ನ ಜಗಳ ಕೈಯೊಂದಿಗಲ್ಲ, ಬಾಯಿಯೊಂದಿಗೆ.

‘ಗುಣವಾದರೆ ಸಾಲದೇ, ಪದ ಯಾವುದಾದರೇನು?’ ಎನ್ನುವವರಿದ್ದಾರೆ. ಭಾಷಾವಿಜ್ಞಾನ ಓದಿದ ನನಗೂ ಇದು ತಡವಾಗಿ ಹೊಳೆಯಿತು: ನೋವಿರುವವರಿಗೆ ಪದವೂ ಒಂದು ಚಿಕಿತ್ಸೆ, ಅಥವಾ ಒಂದು ಗಾಯ. ‘ನಡಾ ಹಿಡ್ದದ’ ಎಂದಾಗ ಹಿಡಿದದ್ದು ನಾಳೆ ಬಿಡಬಹುದು. ‘ಪೊರೆ ಅಂಟಿದೆ’ ಎಂದರೆ ಮೈಯೊಳಗೆ ಒಂದು ಕೆಟ್ಟ ಭಾಗ ಹುಟ್ಟಿಕೊಳ್ಳುತ್ತದೆ, ಅದನ್ನು ರಿಪೇರಿ ಮಾಡಲು ಇನ್ನೊಬ್ಬರ ಕೈಯೇ ಬೇಕಾಗುತ್ತದೆ. ಪ್ಯಾಕೇಜು ನಡೆಯುವುದೇ ಹಾಗೆ. ಗಚ್ಚಿಬೌಲಿಯ ಆಫೀಸುಗಳಲ್ಲಿ ದಿನವಿಡೀ ಕೂತು ಕತ್ತು ಹಿಡಿಸಿಕೊಂಡವರು ತಿಂಗಳು ತಿಂಗಳೂ ಹೋಗಿ ‘ಬಿಡಿಸಿಕೊಂಡು’ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ.

ನಮ್ಮಲ್ಲಿ ‘ಕೈಗುಣ’ ಎಂಬ ಮಾತಿದೆ. ಅದನ್ನು ಮೂಢನಂಬಿಕೆಯೆಂದು ನಗುವವರು ಗಮನಿಸಬೇಕು: ಈ ಪದ ಮೈಯೊಳಗೆ ಏನೋ ಕೆಟ್ಟಿದೆ ಎಂದು ಹೆದರಿಸುವುದಿಲ್ಲ. ಇವರ ಕೈ ತಾಗಿದರೆ ಹಿತವಾಗುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ವಿಜ್ಞಾನದ ವೇಷ ತೊಟ್ಟ ‘ರಿಲೀಸ್’ಗಿಂತ ಇದು ಪ್ರಾಮಾಣಿಕ.

2021ರ ಕೇಂದ್ರ ಕಾಯ್ದೆಯೊಂದು ಫಿಸಿಯೋಥೆರಪಿಯನ್ನು ಆರೋಗ್ಯ ವೃತ್ತಿಗಳ ಸಾಲಿಗೆ ತಂದಿದೆ. ಆ ಗೌರವದ ಜೊತೆ ಮಾತಿನ ಹೊಣೆಯೂ ಬರಬೇಕು. ‘ನಿಮ್ಮ ಸೊಂಟ ಗಟ್ಟಿಯಾಗೇ ಇದೆ. ಒತ್ತಿದ್ದರಿಂದ ಸ್ವಲ್ಪ ಹೊತ್ತು ನೋವು ಕಮ್ಮಿಯಿರುತ್ತದೆ, ಆ ಹೊತ್ತಿನಲ್ಲಿ ಬಗ್ಗಿ, ನಡೆಯಿರಿ’ ಎನ್ನಲು ಕಷ್ಟವೇನು?

ಈ ಸಾಲನ್ನೇ ಬರೆದು, ಹಳೆಯದರ ಬದಲು ಹಾಕಿ ಎಂದು ಕ್ಲಿನಿಕ್‌ಗೆ ಕೊಟ್ಟೆ. ‘ಇದನ್ನ ಓದಿ ಯಾರು ಬರ್ತಾರೆ ಸಾರ್?’ ಎಂದರು. ಹಳೆಯ ಕರಪತ್ರ ಇನ್ನೂ ಅಲ್ಲೇ ಕೌಂಟರಿನ ಮೇಲಿದೆ. ಅವ್ವನಿಗೆ ಮಾತ್ರ ಅದನ್ನು ಬರೆದದ್ದು ನಾನೇ, ತಪ್ಪು ಬರೆದೆ ಎಂದು ಒಪ್ಪಿಕೊಂಡೆ. ನಾಲ್ಕು ದಿನ ನಂಬಲಿಲ್ಲ. ಐದನೆಯ ದಿನ ಚುಕ್ಕಿ ಇಟ್ಟಳು, ಐದೇ ಐದು.